ಅಮೆರಿಕದ ಅಜ್ಜ ಅಜ್ಜಿಯರಿಗೆ ದೇಶದಿಂದ ಇನ್ನೂ ಏನಾಗಬೇಕಿದೆ?

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಇಲ್ಲಿ ಒಹಾಯೋದಲ್ಲಿ ಮಕ್ಕಳ ಮನೆಗೆ ಬಂದು ಆರು ತಿಂಗಳು ಇದ್ದು ಹೋಗುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. "ಎದುರು ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ. ಮಕ್ಕಳು ಯಾವುದೋ ದೂರದ ರಾಜ್ಯದಲ್ಲಿ. ಆದರೂ ದಿನಾ ಬಾಗಿಲ ಮುಂದೆ ಬಾವುಟ ಹಾರಿಸುತ್ತಾರೆ. ಈ ವಯಸ್ಸಲ್ಲಿ ಅವರಿಗೆ ದೇಶದಿಂದ ಏನಾಗಬೇಕು?"

ಒಂಟಿತನದ ಮಾತು ಸುಳ್ಳಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಯಸ್ಸಾದ ಮೇಲೆ ದೇಶಕ್ಕೂ ಮನುಷ್ಯನಿಗೂ ಕೊಡುವುದು ತಗೊಳ್ಳುವುದು ಮುಗಿಯಿತು ಅಂದುಕೊಂಡೇ ನಾವು ಹೀಗೆ ಕೇಳುತ್ತೇವೆ. ಇಲ್ಲಿನ ಎಷ್ಟೋ ಹಿರಿಯರು ಹಾಗೆ ಅಂದುಕೊಂಡಿಲ್ಲ. ಅವರ ಪಾಲಿಗೆ ದೇಶ ಇನ್ನೂ ಅರ್ಧಕ್ಕೆ ನಿಂತಿರುವ ಕೆಲಸ. ಬಾವುಟ ನೋಡಿದರೆ ಇದು ತಿಳಿಯುವುದಿಲ್ಲ. ಚುನಾವಣೆಯ ದಿನ ಮತಗಟ್ಟೆಗೆ ಹೋಗಿ ನೋಡಬೇಕು.

ನಮ್ಮಲ್ಲಿ ಚುನಾವಣೆ ಬಂದರೆ ಮೇಷ್ಟ್ರುಗಳಿಗೆ, ಸರ್ಕಾರಿ ನೌಕರರಿಗೆ ಡ್ಯೂಟಿ ಆರ್ಡರ್ ಬರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಚುನಾವಣೆ ನಡೆಸುವುದು ಆಯಾ ರಾಜ್ಯ, ಆಯಾ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಅಥವಾ ಊರಿನ ಆಡಳಿತ. ಮತಗಟ್ಟೆಯಲ್ಲಿ ಕೂರುವವರು ಅಕ್ಕಪಕ್ಕದ ಬೀದಿಯ ಜನ. ತಾವಾಗಿಯೇ ಹೆಸರು ಕೊಟ್ಟು, ತರಬೇತಿ ತಗೊಂಡು ಬಂದವರು. ಒಹಾಯೋದಲ್ಲಿ ಮತದಾನ ಬೆಳಿಗ್ಗೆ 6.30ಕ್ಕೆ ಶುರುವಾಗಿ ಸಂಜೆ 7.30ಕ್ಕೆ ಮುಗಿಯುತ್ತದೆ. ಕೆಲಸ ಮಾಡುವವರು ಕತ್ತಲಿರುವಾಗಲೇ ಬಂದು, ಕತ್ತಲಾದ ಮೇಲೆ ಹೋಗುತ್ತಾರೆ. ಸಿಗುವ ಭತ್ಯೆ ಆ ದುಡಿಮೆಗೆ ತೀರಾ ಕಡಿಮೆ.

ಯಾರು ಬರುತ್ತಾರೆ ಹಾಗೆ? 2018ರ ಚುನಾವಣೆಯಲ್ಲಿ, ವಯಸ್ಸಿನ ಲೆಕ್ಕ ಸಿಕ್ಕ ಮತಗಟ್ಟೆ ಕೆಲಸಗಾರರಲ್ಲಿ ನೂರಕ್ಕೆ 58 ಜನ 60 ದಾಟಿದವರು. 70 ದಾಟಿದವರೇ ಕಾಲು ಭಾಗಕ್ಕಿಂತ ಜಾಸ್ತಿ. ಹೆಸರು ಹುಡುಕಿ, ಸಹಿ ಹೋಲಿಸಿ, ಮತಪತ್ರ ಕೊಟ್ಟು, ಕೊನೆಗೆ "ನಾನು ಮತ ಹಾಕಿದೆ" ಎಂಬ ಸ್ಟಿಕ್ಕರ್ ಕೊಡುವವರು ಅವರೇ. ರಾತ್ರಿ ಮತಪತ್ರಗಳನ್ನು ಕೌಂಟಿ ಕಚೇರಿಗೆ ತಗೊಂಡು ಹೋಗುವಾಗ ಬೇರೆ ಬೇರೆ ಪಕ್ಷದ ಇಬ್ಬರು ಜೊತೆಗಿರಬೇಕು ಎಂಬುದು ಇಲ್ಲಿನ ನಿಯಮ. ಟಿವಿ ನೋಡಿದರೆ ಡೆಮಾಕ್ರಟಿಕ್, ರಿಪಬ್ಲಿಕನ್ ಎಂಬ ಇಲ್ಲಿನ ಎರಡು ದೊಡ್ಡ ಪಕ್ಷದವರು ಒಂದು ಕೋಣೆಯಲ್ಲಿ ಕೂರುವುದೇ ಇಲ್ಲವೇನೋ ಅನ್ನಿಸುತ್ತದೆ. ಇಲ್ಲಿ ಇಬ್ಬರು ನಿವೃತ್ತರು, ಒಬ್ಬರದು ಆ ಪಕ್ಷ, ಇನ್ನೊಬ್ಬರದು ಈ ಪಕ್ಷ, ಒಂದೇ ಮೇಜಿನ ಹಿಂದೆ ಹದಿಮೂರು ಗಂಟೆ ಕೂತು ಒಂದೇ ಲೆಕ್ಕಕ್ಕೆ ಸಹಿ ಹಾಕುತ್ತಾರೆ. ನನಗೆ ದೇಶಪ್ರೇಮ ಅಂದರೆ ಮೊದಲು ನೆನಪಾಗುವುದು ಆ ಮೇಜು.

ಇವರು ಬರದಿದ್ದರೆ ಏನಾಗುತ್ತದೆ ಅಂತ 2020ರಲ್ಲಿ ಗೊತ್ತಾಯಿತು. ಏಪ್ರಿಲ್ 7ರಂದು ವಿಸ್ಕಾನ್ಸಿನ್‌ನಲ್ಲಿ ಚುನಾವಣೆ. ಕೋವಿಡ್ ಭಯಕ್ಕೆ ಕೆಲಸಗಾರರು ಹಿಂದೆ ಸರಿದರು. ಸರಿಯಲೇಬೇಕಿತ್ತು, ಅವರ ವಯಸ್ಸಿಗೇ ಅಪಾಯ ಜಾಸ್ತಿ. ಮಿಲ್ವಾಕಿ ನಗರದಲ್ಲಿ ಮಾಮೂಲಾಗಿ 180 ಮತಗಟ್ಟೆಗಳು ತೆರೆಯುತ್ತಿದ್ದವು. ಆ ದಿನ ತೆರೆದದ್ದು ಬರೀ 5. ಜನ ಮಾಸ್ಕ್ ಹಾಕಿಕೊಂಡು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಆ ವರ್ಷ ನವೆಂಬರ್ ಹೊತ್ತಿಗೆ ಯುವಜನರನ್ನು ಹುಡುಕಿ ಹುಡುಕಿ ಕರೆತಂದರು, ಕೆಲಸ ನಡೆಯಿತು. ಆದರೆ ಅಷ್ಟು ವರ್ಷ ಈ ಭಾರ ಯಾರ ಹೆಗಲ ಮೇಲಿತ್ತು ಅನ್ನುವುದು ಅಲ್ಲಿಯವರೆಗೆ ಹೆಚ್ಚಿನವರ ಕಣ್ಣಿಗೇ ಬಿದ್ದಿರಲಿಲ್ಲ.

ಹಾಗಂತ ಇವರೆಲ್ಲ ದೇಶ ಮಾಡಿದ್ದನ್ನೆಲ್ಲ ಹೊಗಳುವವರು ಅಂತ ತಿಳಿಯಬೇಡಿ. ದೇಶ ತಮ್ಮ ಮನೆಯನ್ನೇ ಸುಡಲು ಬಿಟ್ಟರೂ ಅದನ್ನು ಕೈಬಿಡದವರಿದ್ದಾರೆ.

ಓಪಲ್ ಲೀ ಅವರ ವಿಷಯ ಹೇಳುತ್ತೇನೆ. 1926ರಲ್ಲಿ ಹುಟ್ಟಿದ ಕಪ್ಪು ಜನಾಂಗದ ಶಿಕ್ಷಕಿ. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ, ಬಿಳಿಯರು ಇರುವ ಬೀದಿಯಲ್ಲಿ ಅವರ ಅಪ್ಪ ಅಮ್ಮ ಮನೆ ತಗೊಂಡರು. 1939ರ ಜೂನ್ 19ರಂದು ಬಿಳಿಯರ ಗುಂಪೊಂದು ನುಗ್ಗಿ ಆ ಮನೆಯನ್ನು ಹಾಳು ಮಾಡಿ ಬೆಂಕಿ ಇಟ್ಟಿತು. ಆಗ ಆಕೆಗೆ 12 ವರ್ಷ. ಆ ತಾರೀಕೂ ಸಾಮಾನ್ಯದ್ದಲ್ಲ. 1863ರ ಜನವರಿ 1ರಂದೇ ಲಿಂಕನ್ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದ್ದರೂ, ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ಗೆ ಸೈನ್ಯ ಬಂದು ಅದನ್ನು ಜಾರಿಗೆ ತಂದದ್ದು 1865ರ ಜೂನ್ 19ರಂದು. ಎರಡೂವರೆ ವರ್ಷ ತಡವಾಗಿ. ಟೆಕ್ಸಾಸ್‌ನ ಕಪ್ಪು ಜನರಿಗೆ ಅದು ಹಬ್ಬದ ದಿನ.

ಆ ದಿನ ಇಡೀ ದೇಶಕ್ಕೆ ರಜೆ ಆಗಬೇಕು ಅಂತ ಓಪಲ್ ಲೀ 2016ರಲ್ಲಿ, 89ನೇ ವಯಸ್ಸಿನಲ್ಲಿ, ಫೋರ್ಟ್ ವರ್ತ್‌ನಿಂದ ವಾಷಿಂಗ್ಟನ್ ಕಡೆಗೆ ಹೊರಟರು. ದಾರಿಯ ಊರೂರಿನಲ್ಲಿ ಎರಡೂವರೆ ಮೈಲಿ ನಡಿಗೆ, ಆ ಎರಡೂವರೆ ವರ್ಷದ ನೆನಪಿಗೆ. ಐದು ವರ್ಷ ಬಿಡಲಿಲ್ಲ. 2021ರ ಜೂನ್ 17ರಂದು ಜೂನ್‌ಟೀಂತ್, ಅಂದರೆ ಆ ಜೂನ್ 19, ರಾಷ್ಟ್ರೀಯ ರಜೆ ಎಂಬ ಕಾನೂನಿಗೆ ಅಧ್ಯಕ್ಷರು ಸಹಿ ಹಾಕುವಾಗ ಆಕೆ ಪಕ್ಕದಲ್ಲೇ ಇದ್ದರು. 2024ರಲ್ಲಿ, ಸುಟ್ಟುಹೋದ ಆ ಮನೆಯ ಜಾಗದಲ್ಲೇ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯವರು ಹೊಸ ಮನೆ ಕಟ್ಟಿಸಿಕೊಟ್ಟರು. 97ನೇ ವಯಸ್ಸಲ್ಲಿ ಆಕೆ ಬೀಗದ ಕೈ ಇಸಿದುಕೊಂಡರು. ಎಂಬತ್ತೈದು ವರ್ಷ ಆಗಿತ್ತು. ಈ ವಯಸ್ಸಲ್ಲಿ ದೇಶದಿಂದ ಏನಾಗಬೇಕು ಅಂತ ಇವರನ್ನು ಕೇಳಿ ನೋಡಿ!

ಎಲ್ಲರಿಗೂ ಹೀಗೆ ಗೆಲುವು ಸಿಗುವುದಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಡೋರಿಸ್ ಹ್ಯಾಡಕ್, ಜನ ಕರೆಯುತ್ತಿದ್ದದ್ದು ಗ್ರ್ಯಾನಿ ಡಿ ಅಂತ, ಚುನಾವಣೆಯಲ್ಲಿ ದುಡ್ಡಿನ ಆಟ ನಿಲ್ಲಬೇಕು ಅಂತ 1999ರ ಜನವರಿ 1ರಂದು ಕ್ಯಾಲಿಫೋರ್ನಿಯಾದಿಂದ ಕಾಲ್ನಡಿಗೆ ಶುರು ಮಾಡಿದರು. ಸುಮಾರು 3,200 ಮೈಲಿ. ಹಿಮ ಬಿದ್ದು ದಾರಿ ಮುಚ್ಚಿದ ಕಡೆ ಸ್ಕೀ ಕಟ್ಟಿಕೊಂಡು ಹೋದರು. 2000ದ ಫೆಬ್ರುವರಿ 29ರಂದು ವಾಷಿಂಗ್ಟನ್ ಮುಟ್ಟಿದಾಗ ಅವರಿಗೆ 90. ಎರಡು ವರ್ಷದ ಮೇಲೆ ಚುನಾವಣೆಯ ದುಡ್ಡಿಗೆ ಕಡಿವಾಣ ಹಾಕುವ ಕಾನೂನು ಬಂತು. ಅವರ ನಡಿಗೆ ಒಂದರಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. 2010ರ ಜನವರಿಯಲ್ಲಿ, ಅವರ ನೂರನೇ ಹುಟ್ಟುಹಬ್ಬಕ್ಕೆ ಮೂರು ದಿನ ಇರುವಾಗ, ಸುಪ್ರೀಂ ಕೋರ್ಟ್ ಆ ಕಾನೂನಿನ ಮುಖ್ಯ ಭಾಗವೊಂದನ್ನು ತೆಗೆದುಹಾಕಿತು. ಅದೇ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಅವರು ಹಿಡಿದ ಕೆಲಸ ಇನ್ನೂ ಬಾಕಿ ಇದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. 2020ರಲ್ಲಿ 65ರಿಂದ 74ರ ನಡುವಿನ ಪೌರರಲ್ಲಿ ನೂರಕ್ಕೆ 76 ಜನ ಮತ ಹಾಕಿದರು. 18ರಿಂದ 24ರವರಲ್ಲಿ 51. ಅಂದರೆ ಹಿರಿಯರ ಮಾತಿಗೆ ತೂಕ ಜಾಸ್ತಿ. ಆ ತೂಕವನ್ನು ತಮಗಾಗಿ ಮಾತ್ರ ಬಳಸಿದ್ದೂ ಉಂಟು. ಅರಿಜೋನಾದ ಸನ್ ಸಿಟಿ 1960ರಲ್ಲಿ ನಿವೃತ್ತರಿಗೆಂದೇ ಕಟ್ಟಿದ ಊರು. ಅಲ್ಲಿ ಮಕ್ಕಳಿಲ್ಲ. ಶಾಲೆ ಕಟ್ಟಲು ಸಾಲ ಎತ್ತುವ ವಿಷಯ ಮತಕ್ಕೆ ಬಂದಾಗಲೆಲ್ಲ ಅಲ್ಲಿನವರು ಸೋಲಿಸುತ್ತಾ ಹೋದರು. ಕೊನೆಗೆ 1970ರ ದಶಕದಲ್ಲಿ ಆ ಊರನ್ನೇ ಶಾಲಾ ಜಿಲ್ಲೆಯಿಂದ, ಅಂದರೆ ಶಾಲೆಗಳನ್ನು ನಡೆಸುವ ಆಡಳಿತದ ವ್ಯಾಪ್ತಿಯಿಂದ, ಹೊರಗಿಟ್ಟರು. ನನಗೆ ಇದು ತುಂಬಾ ಬೇಸರದ ಸಂಗತಿ. ಮನೆ ಮುಂದೆ ಎಷ್ಟು ದೊಡ್ಡ ಬಾವುಟ ಇದ್ದರೇನು, ಪಕ್ಕದ ಊರಿನ ಮಕ್ಕಳಿಗೆ ತರಗತಿ ಬೇಡ ಅಂದಮೇಲೆ?

ನಮ್ಮವರಿಗೂ ಇದರಲ್ಲಿ ಪಾಲಿದೆ. ಗ್ರೀನ್ ಕಾರ್ಡ್ ಮೇಲೆ ಬಂದು ಮಕ್ಕಳ ಜೊತೆ ನೆಲೆಸಿದ ಕನ್ನಡದ ಅಪ್ಪ ಅಮ್ಮಂದಿರು ಎಷ್ಟೋ ಜನ ಇದ್ದಾರೆ. "ನಮಗೆ ಇಂಗ್ಲಿಷ್ ಬರಲ್ಲ, ಪೌರತ್ವ ಯಾರಿಗೆ ಬೇಕಪ್ಪ" ಅಂತ ಸುಮ್ನೆ ಕೂತವರೂ ಇದ್ದಾರೆ. ಆದರೆ 50 ದಾಟಿ ಗ್ರೀನ್ ಕಾರ್ಡ್ ಮೇಲೆ 20 ವರ್ಷ ಇಲ್ಲಿದ್ದರೆ, ಅಥವಾ 55 ದಾಟಿ 15 ವರ್ಷ ಇದ್ದರೆ, ಇಂಗ್ಲಿಷ್ ಪರೀಕ್ಷೆ ಬೇಕಿಲ್ಲ. ದೇಶದ ಇತಿಹಾಸ, ಸರ್ಕಾರದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ದುಭಾಷಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಕನ್ನಡದಲ್ಲೇ ಉತ್ತರಿಸಬಹುದು. 65 ದಾಟಿ 20 ವರ್ಷ ಇದ್ದವರು ಓದಿಕೊಳ್ಳಬೇಕಾದದ್ದು ಬರೀ 20 ಪ್ರಶ್ನೆ. ಅದರಲ್ಲಿ 10 ಕೇಳುತ್ತಾರೆ, 6 ಸರಿ ಇದ್ದರೆ ಸಾಕು.

ಆಮೇಲೆ ಮತ ಹಾಕಬಹುದು. ಒಹಾಯೋದಲ್ಲಿ ಶಾಲೆಗಳ ತೆರಿಗೆ ಆಗಾಗ ಮತಕ್ಕೆ ಬರುತ್ತದೆ. ಎಷ್ಟೋ ಕಡೆ ಬೆರಳೆಣಿಕೆಯ ಮತಗಳಲ್ಲಿ ಅದರ ಗತಿ ತೀರ್ಮಾನವಾಗುತ್ತದೆ. ಮೊಮ್ಮಕ್ಕಳ ಶಾಲೆಗೆ ಸಂಗೀತದ ಮೇಷ್ಟ್ರು ಇರಬೇಕೋ ಬೇಡವೋ, ಶಾಲೆಯ ಬಸ್ ಮನೆ ಹತ್ತಿರ ಬರಬೇಕೋ ಬೇಡವೋ ಅನ್ನುವುದರಲ್ಲಿ ಅಜ್ಜಿಯ ಒಂದು ಮತ ನೇರವಾಗಿ ಎಣಿಕೆಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಆ 20 ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಡಿ, ದಿನಾ ಎರಡೆರಡು ಕೂತು ಓದಿಸಿ.