ಶಿಶು ಮರಣ: ಸರಾಸರಿಯ ಹಿಂದಿರುವ ಊರುಗಳು

ಸಾವಿರ ಜೀವಂತ ಜನನಗಳಲ್ಲಿ ಎಷ್ಟು ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ ಎಂಬುದೇ ಶಿಶು ಮರಣ ಪ್ರಮಾಣ. ಜನನ-ಮರಣಗಳನ್ನು ಲೆಕ್ಕಹಾಕುವ ಸರ್ಕಾರಿ ಸಮೀಕ್ಷೆಯಾದ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ಭಾರತದಲ್ಲಿ 1971ರಲ್ಲಿ 129 ಇದ್ದ ಈ ಪ್ರಮಾಣ 2020ರಲ್ಲಿ 28ಕ್ಕೆ ಇಳಿದಿತ್ತು. ಆದರೆ ಅದೇ 2020ರಲ್ಲಿ ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43 ಇತ್ತು. ಕೇರಳವು 1971ರಲ್ಲೇ 58ಕ್ಕೆ ಬಂದಿತ್ತೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ; ಹೆಣ್ಣುಮಕ್ಕಳ ಓದು ಮತ್ತು ಕೈಗೆಟುಕುವ ಆಸ್ಪತ್ರೆಗಳ ಫಲ ಅಲ್ಲಿ ಅಷ್ಟು ಮೊದಲೇ ದೊರೆತಿತ್ತು.

ನಮ್ಮ ಚಿಕ್ಕಮಗಳೂರು ಜಿಲ್ಲೆಯೊಳಗೇ ಮೂಡಿಗೆರೆ, ಕೊಪ್ಪ ಕಡೆಯ ಮಲೆನಾಡು ಬೇರೆ, ಕಡೂರಿನ ಬಯಲುಸೀಮೆ ಬೇರೆ. ಹಿಂದೆ ಮಲೆನಾಡನ್ನು ಕಾಡುತ್ತಿದ್ದ ಮಲೇರಿಯಾ ಬಸುರಿಯರ ರಕ್ತಹೀನತೆಯನ್ನು ಹೆಚ್ಚಿಸಿ, ಕಡಿಮೆ ತೂಕದ ಕೂಸುಗಳ ಹುಟ್ಟಿಗೆ ಕಾರಣವಾಗುವ ಕಾಯಿಲೆ. ಇಂದು ಅದು ಹಿಂದೆ ಸರಿದಿದೆ; ಲಸಿಕೆ ಮತ್ತು ಆಸ್ಪತ್ರೆಯ ಹೆರಿಗೆಗಳಿಂದ ಧನುರ್ವಾಯುವೂ ತಗ್ಗಿದೆ. ಉಳಿದಿರುವ ಸಾವುಗಳಲ್ಲಿ ಹೆಚ್ಚಿನವು ಮೊದಲ 28 ದಿನಗಳಲ್ಲೇ ಸಂಭವಿಸುತ್ತವೆ: ಅವಧಿಗೆ ಮುಂಚಿನ ಹೆರಿಗೆ, ಹುಟ್ಟುವಾಗಿನ ಉಸಿರುಗಟ್ಟುವಿಕೆ, ಸೋಂಕಿನ ನಂಜು.

ಇವಕ್ಕೆ ತುರ್ತು ಚಿಕಿತ್ಸೆ ಬೇಕು. ಮಳೆಗಾಲದಲ್ಲಿ ಗುಡ್ಡದ ರಸ್ತೆ ಕುಸಿದಾಗ ಕಾಫಿ ತೋಟದ ಲೈನಿನಲ್ಲಿ, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ, ಇರುವ ಬಾಣಂತಿಗೂ ಪೇಟೆಯ ಬಾಣಂತಿಗೂ ಆಸ್ಪತ್ರೆ ಒಂದೇ ದೂರದಲ್ಲಿರುವುದಿಲ್ಲ. ಅದರಲ್ಲೂ ಹೊರರಾಜ್ಯಗಳಿಂದ ಕಾಫಿ ಕೊಯ್ಲಿಗೆಂದು ಬಂದು ಹೋಗುವ ಕುಟುಂಬಗಳ ತಾಯಂದಿರು ಆಶಾ ಕಾರ್ಯಕರ್ತೆಯರ ಪಟ್ಟಿಯಿಂದ ಸುಲಭವಾಗಿ ಬಿಟ್ಟುಹೋಗಬಹುದು. ಆದ್ದರಿಂದ ಜಿಲ್ಲೆಯ ಸರಾಸರಿಯ ಜೊತೆಗೆ ಹೋಬಳಿವಾರು ಅಂಕಿಗಳನ್ನೂ ಸಾರ್ವಜನಿಕರ ಮುಂದಿಡಬೇಕೆಂಬುದು ನನ್ನ ಒತ್ತಾಯ.