ಆಟೋಮ್ಯಾಟಿಕ್ ತಗೊಳ್ಳಬಹುದಾ? ಮೊದಲು ನಿಮ್ಮ ಮನೆಯ ಏರು ತೋರಿಸಿ

"ಆಟೋಮ್ಯಾಟಿಕ್ ಕಾರು ತಗೊಳ್ಳಬಹುದಾ?" ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ರಾತ್ರಿ ಫೋನಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ತಗೊಳ್ಳಬಹುದು. ಧೈರ್ಯವಾಗಿ ತಗೊಳ್ಳಿ. ಆದರೆ ಇಷ್ಟೇ ಕೇಳಿಕೊಂಡು ಹಳೆ ಕಾರಿಗೆ ಅಡ್ವಾನ್ಸ್ ಕೊಡಲು ಹೊರಟರೆ ದುಡ್ಡು ಹಾಳಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೇಳುವ ರೀತಿಯೂ ನನಗೆ ಹಿಡಿಸುವುದಿಲ್ಲ. "ಹೆಂಗಸರಿಗೆ ಓಡಿಸಲಿಕ್ಕೆ, ಹಾಗಾಗಿ ಆಟೋಮ್ಯಾಟಿಕ್" ಅನ್ನುತ್ತಾರೆ. ನಮ್ಮ ಅತ್ತಿಗೆ ತೋಟದ ದಾರಿಯಲ್ಲಿ ಜೀಪನ್ನು ರಿವರ್ಸ್‌ನಲ್ಲಿ ಹತ್ತಿಸುತ್ತಾರೆ. ಎಡಗಾಲಿನ ಗಂಟುನೋವು ಗಂಡಸರಿಗೂ ಬರುತ್ತದೆ. ಯಾರು ಓಡಿಸುತ್ತಾರೆ ಅಂತ ನನಗೆ ಹೇಳುವುದು ಬೇಡ. ಕಾರು ಎಲ್ಲಿ ನಿಂತು ಎಲ್ಲಿಂದ ಹೊರಡಬೇಕು, ಅದನ್ನು ಹೇಳಿ.

ನಮ್ಮ ಕಡೆಯ ಮನೆಗಳನ್ನೇ ನೋಡಿ. ರಸ್ತೆ ಗುಡ್ಡದ ಮೇಲೆ, ಮನೆ ಮತ್ತು ಅಡಿಕೆ ತೋಟ ಕೆಳಗೆ. ನಡುವೆ ಕಾಂಕ್ರೀಟ್ ಹಾಕಿದ ಕಡಿದಾದ ದಾರಿ, ಅರ್ಧದಲ್ಲಿ ಒಂದು ತಿರುವು. ಮಳೆಗಾಲದಲ್ಲಿ ಪಾಚಿ ಬೇರೆ. ಎದುರಿನಿಂದ ಪಿಕಪ್ ಬಂದರೆ ನಡು ಏರಿನಲ್ಲೇ ನಿಲ್ಲಬೇಕು.

ಪೆರ್ಲ ಕಡೆಯ ಸಂಬಂಧಿಕರೊಬ್ಬರು ಮಂಗಳೂರಿನಲ್ಲಿ ಎಎಂಟಿ ಅನ್ನುವ ಬಗೆಯ ಒಂದು ಹಳೆ ಆಟೋಮ್ಯಾಟಿಕ್ ಕಾರು ನೋಡಿದರು. ನಾನೂ ಜೊತೆಗೆ ಹೋಗಿದ್ದೆ. ಮಾರುವ ಹುಡುಗ ಹೆದ್ದಾರಿಯಲ್ಲಿ ಓಡಿಸಲು ಕೊಟ್ಟ. "ಬೆಣ್ಣೆಯ ಹಾಗೆ ಹೋಗ್ತದೆ ಭಾವ" ಅಂತ ಇವರಿಗೆ ಖುಷಿಯೋ ಖುಷಿ. ಏರಿನಲ್ಲಿ ನಿಲ್ಲಿಸಿ ನೋಡುವ ಅಂದೆ. ಹುಡುಗನಿಗೆ ಸಮಯ ಇಲ್ಲವಂತೆ. ನಾನು ಬಿಡಲಿಲ್ಲ. ಕದ್ರಿ ಕಡೆಯ ಒಂದು ಏರಿನ ನಡುವೆ ನಿಲ್ಲಿಸಿ ಬ್ರೇಕ್ ಬಿಟ್ಟರೆ ಕಾರು ಹಿಂದಕ್ಕೆ ಜಾರಿತು. ಆಮೇಲೆ ನಡುಗುತ್ತಾ ಮುಂದೆ ಹೋಯಿತು, ಜೊತೆಗೆ ಸುಟ್ಟ ವಾಸನೆ. "ಆಟೋಮ್ಯಾಟಿಕ್ ಅಂದ್ರೆ ಹೀಗೇ ಸರ್" ಅಂದ.

ಹೀಗೇ ಅಲ್ಲ! ಎಎಂಟಿ ಅಂದರೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದು ಮಾತ್ರ ಯಂತ್ರದ ಕೆಲಸ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನ ಜೊತೆ ಇದು ನಮ್ಮಲ್ಲಿಗೆ ಬಂತು. ಬೆಲೆ ಕಡಿಮೆ, ಮೈಲೇಜ್ ಹೆಚ್ಚುಕಡಿಮೆ ಮ್ಯಾನುವಲ್‌ನಷ್ಟೇ. ಆದರೆ ಒಳಗೆ ಕ್ಲಚ್ ಪ್ಲೇಟ್ ಇದ್ದೇ ಇದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ಹಿಡಿದು ನಿಲ್ಲಿಸಿದರೆ ಪ್ಲೇಟ್ ಉಜ್ಜಿ ಸುಡುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸುವ ಅಭ್ಯಾಸ ಇದ್ದವರ ಕೈಯಲ್ಲಿ ಅದೇ ಗೇರ್‌ಬಾಕ್ಸ್ ಚೆನ್ನಾಗಿ ಬಾಳುತ್ತದೆ.

ಆಟೋಮ್ಯಾಟಿಕ್‌ನಲ್ಲಿ ಬೇರೆ ಬಗೆಗಳೂ ಇವೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಎಣ್ಣೆಯ ಮೂಲಕ ದಾಟುತ್ತದೆ. ಹೊರಡುವಾಗ ಉಜ್ಜುವ ಪ್ಲೇಟ್ ಇಲ್ಲ. ನಮ್ಮ ಏರುಗಳಿಗೆ ನನ್ನ ಓಟು ಇದಕ್ಕೇ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿದರೆ ಕುಡಿಯಲಿ. ಸಿವಿಟಿಯಲ್ಲಿ ಎರಡು ಪುಲ್ಲಿ, ನಡುವೆ ಬೆಲ್ಟ್. ನಯವಾಗಿ ಓಡುತ್ತದೆ, ಆದರೆ ಅದರ ಎಣ್ಣೆ ಬದಲಿಸಿದ ದಾಖಲೆ ಇಲ್ಲದ ಹಳೆ ಕಾರು ಬೇಡ. ಡಿಸಿಟಿಗೆ ಎರಡು ಕ್ಲಚ್. ಓಡಿಸಲು ಬಹಳ ಮಜಾ. ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್‌ನದ್ದಾದರೆ ಟ್ರಾಫಿಕ್‌ನಲ್ಲಿ ತೆವಳುವಾಗ, ಏರಿನಲ್ಲಿ ನಿಂತು ನಿಂತು ಹೋಗುವಾಗ ಬಿಸಿಯಾಗುತ್ತದೆ.

ಕಾರಿನ ಹೆಸರು ಒಂದೇ ಅಂತ ಗೇರ್‌ಬಾಕ್ಸೂ ಒಂದೇ ಅಂದುಕೊಳ್ಳಬೇಡಿ. ಹಳೆ ಬಲೆನೊ ಆಟೋಮ್ಯಾಟಿಕ್‌ನಲ್ಲಿ ಸಿವಿಟಿ, 2022ರಲ್ಲಿ ಬಂದ ಹೊಸದರಲ್ಲಿ ಎಎಂಟಿ. ಬ್ರೆಝಾ ಇದಕ್ಕೆ ತಿರುಗುಮುರುಗು: 2018ರ ಡೀಸೆಲ್‌ನಲ್ಲಿ ಎಎಂಟಿ, 2020ರಿಂದ ಪೆಟ್ರೋಲ್‌ನಲ್ಲಿ ಟಾರ್ಕ್ ಕನ್ವರ್ಟರ್. ಪೆರ್ಲದವರು ಕೊನೆಗೆ ತಗೊಂಡದ್ದು ಆ ಪೆಟ್ರೋಲ್ ಬ್ರೆಝಾ. ಮೂವರು ಕೂತು ಮನೆಯ ಏರು ಹತ್ತಿಸಿ, ತಿರುವಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿಯೇ ದುಡ್ಡು ಕೊಟ್ಟರು.

"ಈ ಏರಿಗೆ ಯಾವ ಗೇರ್‌ಬಾಕ್ಸ್, ಹಳೆಯದಾದರೆ ಹೇಗೆ ನೋಡುವುದು?" ಅಂತ ಯಾರಾದರೂ ಕೇಳಲಿ ಅಂತ ನನಗೆ ಆಸೆ. ಕೇಳದಿದ್ದರೂ ಹೇಳುತ್ತೇನೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳಿ. ಬ್ರೇಕ್ ಒತ್ತಿಕೊಂಡು ಡಿ-ಯಿಂದ (ಮುಂದಕ್ಕೆ) ಆರ್-ಗೆ (ರಿವರ್ಸ್) ಹಾಕಿ. ದಡ್ ಅಂತ ಹೊಡೆದರೆ ಎಚ್ಚರ. ರಿವರ್ಸ್‌ನಲ್ಲೂ ಏರು ಹತ್ತಿಸಿ. ಎಎಂಟಿ ಆದರೆ ಕ್ಲಚ್ ಯಾವಾಗ ಬದಲಿಸಿದ್ದು, ಬಿಲ್ ಎಲ್ಲಿ ಅಂತ ಕೇಳಲು ನಾಚಿಕೆ ಬೇಡ.

ಕೆಎ 19ರ, ಅಂದರೆ ಮಂಗಳೂರು ನಂಬರಿನ ಕಾರು ತಲಪಾಡಿ ಗಡಿ ದಾಟಿ ಕೇರಳಕ್ಕೆ ಬರುವುದಾದರೆ ಇನ್ನೊಂದು ಲೆಕ್ಕ ಇದೆ. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಕಾಸರಗೋಡಿನ ಕೆಎಲ್ 14ರ ನಂಬರ್ ಮಾಡಿಸಲೇಬೇಕು, ಕೇರಳದ ತೆರಿಗೆ ಬೇರೆ ಕಟ್ಟಬೇಕು. ಅದನ್ನೂ ಸೇರಿಸಿಯೇ ರೇಟು ಮಾತಾಡಿ. ಮಂಗಳೂರಿನ ಆರ್‌ಟಿಒದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ ಮಾರಾಯ್ರೆ.