ನಮ್ಮ ತೋಟದ ಲಿಂಬೆ, ನನ್ನ ಹಲ್ಲು

ಏಪ್ರಿಲ್ ತಿಂಗಳ ಮಧ್ಯಾಹ್ನ. ವಿಜಯಪುರದಲ್ಲಿ ಆ ಹೊತ್ತಿಗೆ ರಸ್ತೆ ಮೇಲೆ ನಾಯಿಯೂ ಕಾಣುವುದಿಲ್ಲ. ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ಕೂತು ಗಡಿಗೆಯ ತಣ್ಣೀರು ಒಂದು ಗುಟುಕು ಕುಡಿದೆ, ಅಷ್ಟೇ. ಎಡಗಡೆಯ ದವಡೆ ಹಲ್ಲು ಜುಮ್ ಎಂದದ್ದು ಕಿವಿಯವರೆಗೆ ಹೋಯಿತು.

ನನಗೆ ಹಲ್ಲಿನ ಚಿಂತೆಯೇ ಇರಲಿಲ್ಲ. ಸಕ್ಕರೆ ಬಿಟ್ಟು ಎರಡು ವರ್ಷವಾಗಿತ್ತು. ಚಹಾ ಕೂಡ ಸಪ್ಪೆ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಅದರ ಜಂಬ ಬೇರೆ.

ಮರುದಿನ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಹುಳುಕು ಇಲ್ರಿ. ಆದ್ರ ಹಲ್ಲು ಕರಗ್ಯಾವ. ಹುಳಿ ಏನು ಜಾಸ್ತಿ ತಗೋತೀರಿ?"

"ಏನಿಲ್ರಿ ಮೇಡಂ. ಬರೇ ಲಿಂಬಿ ನೀರು."

ಆ 'ಬರೇ' ಕೇಳಿ ಅವರಿಗೆ ನಗು ಬಂತು. ಎಷ್ಟು, ಯಾವಾಗ ಎಂದು ಒಂದೊಂದಾಗಿ ಕೇಳಿದರು. ಮುಂಜಾನೆ ಎದ್ದ ಕೂಡಲೇ ಬಿಸಿನೀರಿಗೆ ಒಂದು ಇಡೀ ಲಿಂಬೆ. ಕುಡಿದು ನೇರ ಬ್ರಷ್. ಆಮೇಲೆ ಒಂದು ಲೀಟರ್ ಬಾಟಲಿಗೆ ಎರಡು ಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ ಅಂಗಡಿಗೆ ಒಯ್ಯುವುದು. ಗಿರಾಕಿ ಬಂದರೆ ಮಾತು, ಹೋದರೆ ಒಂದು ಗುಟುಕು. ಸಂಜೆವರೆಗೂ ಇದೇ. ನಮ್ಮ ತೋಟ ಇರುವುದು ಲಿಂಬೆಗೆ ಹೆಸರಾದ ಇಂಡಿ ತಾಲೂಕಿನಲ್ಲಿ. ಲಿಂಬೆಗೆ ದುಡ್ಡು ಕೊಟ್ಟು ಗೊತ್ತೇ ಇಲ್ಲ ನಮಗೆ.

ಹಲ್ಲಿನ ಹೊರಪದರ, ಅಂದರೆ ಎನಾಮಲ್, ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ. ಎಲುಬೂ ಅದರ ಮುಂದೆ ಮೆತ್ತಗೆ. ಹುಳಿ ಅಳೆಯುವ ಅಂಕಿ ಪಿಎಚ್; ಅದು ಇಳಿದಷ್ಟೂ ಹುಳಿ ಜಾಸ್ತಿ. ಬಾಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್‌ನ ಖನಿಜ ಕರಗತೊಡಗುತ್ತದಂತೆ. ಲಿಂಬೆ ರಸದ ಪಿಎಚ್ 2ರಿಂದ 3ರೊಳಗೆ. ಕೋಲಾದ್ದೂ ಹೆಚ್ಚುಕಮ್ಮಿ ಅಷ್ಟೇ. ಸಕ್ಕರೆಯದು ಸುತ್ತು ದಾರಿ. ಅದನ್ನು ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ತಿಂದು ಹುಳಿ ಮಾಡಬೇಕು, ಆಮೇಲೆ ಹುಳುಕು. ಲಿಂಬೆಗೆ ಯಾವ ದಲ್ಲಾಳಿಯೂ ಬೇಡ. ಕೋಲಾದಲ್ಲಿ ಎರಡೂ ಇವೆ: ಹುಳಿಯ ಜೊತೆಗೆ 300 ಎಂಎಲ್ ಬಾಟಲಿಗೆ ಸುಮಾರು 30 ಗ್ರಾಂ ಸಕ್ಕರೆ. ಶುಗರ್ ಫ್ರೀ ಕೋಲಾದಲ್ಲಿ ಸಕ್ಕರೆ ಹೋದರೂ ಹುಳಿ ಹೋಗುವುದಿಲ್ಲ. ನನ್ನ ಎರಡು ವರ್ಷದ ಜಂಬ ಆ ಕುರ್ಚಿಯ ಮೇಲೆಯೇ ಇಳಿಯಿತು.

ನನ್ನ ನಿಜವಾದ ತಪ್ಪು ಆ ಗುಟುಕು ಗುಟುಕಿನದು. ಹುಳಿ ಬಿದ್ದ ಬಾಯನ್ನು ಜೊಲ್ಲು ಮತ್ತೆ ಸರಿಮಾಡುತ್ತದೆ, ಆದರೆ ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ನಾನು ಹತ್ತು ನಿಮಿಷವೂ ಬಿಟ್ಟಿಲ್ಲ. ಸಾಲದ್ದಕ್ಕೆ ನಮ್ಮ ಬಿಸಿಲಿಗೆ ಬಾಯಿ ಮೊದಲೇ ಒಣಗಿರುತ್ತದೆ. ಅದರ ಮೇಲೆ ಮುಂಜಾನೆ, ಹುಳಿಗೆ ಮೆತ್ತಗಾದ ಹಲ್ಲನ್ನು ಗಸಗಸ ಉಜ್ಜುತ್ತಿದ್ದೆ. ಕನ್ನಡಿ ಕೊಟ್ಟು ತೋರಿಸಿದರು. ಮುಂದಿನ ಹಲ್ಲಿನ ಅಂಚು ಗಾಜಿನ ಹಾಗೆ ತೆಳುವಾಗಿತ್ತು. ದವಡೆ ಹಲ್ಲಿನ ಮೇಲೆ ಸಣ್ಣ ಸಣ್ಣ ಕುಳಿ, ಅದರೊಳಗಿಂದ ಹಳದಿ ಇಣುಕುತ್ತಿತ್ತು.

"ಮತ್ತ ಬೆಳೀತದೇನ್ರಿ?" ಎಂದೆ.

"ಉಗುರಲ್ರಿ ಇದು."

ಎರಡು ಹಲ್ಲು ತುಂಬಿಸಿ, ಫ್ಲೋರೈಡ್ ಇರುವ ಪೇಸ್ಟ್ ಬರೆದುಕೊಟ್ಟರು. ದುಡ್ಡಿನ ಮಾತು ಬೇಡ ಬಿಡಿ.

ಮನೆಯಲ್ಲಿ ಹೇಳಿದರೆ ಅವ್ವನಿಗೆ ಸಿಟ್ಟು. "ನಮ್ಮ ತ್ವಾಟದ ಲಿಂಬಿಗೆ ಹೆಸರಿಡ್ತಾಳೇನು ಅಕಿ?" ನಾನು ಮಾತಾಡದೆ ಒಲೆಯ ಪಕ್ಕದ ಕಡಪಾ ಕಲ್ಲಿನ ಕಟ್ಟೆ ತೋರಿಸಿದೆ. ಕರಿ ಕಲ್ಲಿನ ಮೇಲೆ ಬೆಳ್ಳಗಿನ ಕಲೆಗಳು. ಲಿಂಬೆ ರಸ ಬಿದ್ದು ಆದವು. "ಕಲ್ಲು ತಿಂತೈತಿ, ಲಗೂನ ಒರಸು" ಎಂದು ನನ್ನ ಹೆಂಡತಿಗೆ ದಿನಾ ಹೇಳುವವಳು ಇದೇ ಅವ್ವ. ಒಂದು ಕ್ಷಣ ಸುಮ್ಮನಾದಳು. "ಅದು ಕಲ್ಲು, ಇದು ಹಲ್ಲು" ಎಂದು ಒಳಗೆ ಹೋದಳು.

ಲಿಂಬೆ ಬಿಟ್ಟಿಲ್ಲ. ಇಂಡಿಯವನು ಹೇಗೆ ಬಿಡಲಿ? ಊಟದ ಜೊತೆ ಒಂದು ಲೋಟ, ಒಂದೇ ಸಲಕ್ಕೆ ಕುಡಿದು ಬಾಯಿ ಮುಕ್ಕಳಿಸುತ್ತೇನೆ. ಬ್ರಷ್ ಒಂದು ತಾಸು ಬಿಟ್ಟು. ಅಂಗಡಿಗೆ ಬರೀ ನೀರು, ಇಲ್ಲವೇ ಮಜ್ಜಿಗೆ. ಅದೂ ಹುಳಿಯೇ, ಆದರೆ ಅದರಲ್ಲಿ ಕ್ಯಾಲ್ಸಿಯಂ ಇರುವುದರಿಂದ ಹಲ್ಲಿಗೆ ಅಷ್ಟು ತ್ರಾಸಿಲ್ಲ. ಅವ್ವ ಇನ್ನೂ ಒಪ್ಪಿಲ್ಲ. ಲಿಂಬೆ ಹಿಂಡಿ ಲೋಟ ಕೊಡುವಾಗ ಮಾತ್ರ ನೀರಿನ ತಂಬಿಗೆಯನ್ನೂ ಪಕ್ಕಕ್ಕಿಟ್ಟು ಹೋಗುತ್ತಾಳೆ.